ಸಿಂಚುನಲ್ಲಿ ಗೇರ್ ಬೈಕ್ ಮಾರಿ ಸ್ಕೂಟರ್ ತಗೊಂಡೆ, ಎರಡೂ ಓಡಿಸಿದ ಮೇಲೆ ಬರೀತಿದೀನಿ

ತೈವಾನಿನ ಸಿಂಚುಗೆ ಓದೋಕೋ ಪೋಸ್ಟ್‌ಡಾಕ್‌ಗೋ ಚಿಪ್ ಕಂಪ್ನಿ ಕೆಲಸಕ್ಕೋ ಬರೋ ನಮ್ಮೋರು ಮನೆ ಸಿಕ್ಕಿದ ವಾರಕ್ಕೇ ಕೇಳೋದು ಒಂದೇ, ಗಾಡಿ ಯಾವ್ದು ತಗೊಳ್ಳಲಿ, ಸ್ಕೂಟರಾ ಬೈಕಾ ಅಂತ. ನಾನು ಮೊದಲು ಹನ್ನೊಂದು ತಿಂಗಳು ಹಳೇ 125 ಸಿಸಿ ಗೇರ್ ಬೈಕ್ ಓಡಿಸಿದೆ, ಆಮೇಲಿಂದ ಇವತ್ತಿನ ತನಕ ಎರಡು ವರ್ಷ ಕಿಮ್ಕೊ ಜಿಪಿ 125 ಸ್ಕೂಟರು, ಎರಡೂ ಸೆಕೆಂಡ್ ಹ್ಯಾಂಡೇ. ಸಿಂಚು ಥರ ಊರಲ್ಲಿ ಇರೋದಾದ್ರೆ ಸ್ಕೂಟರೇ ತಗೊಳ್ಳಿ, ಯಾಕೆ ಅಂತ ಹೇಳ್ತೀನಿ.

ಶಿವಮೊಗ್ಗದಲ್ಲಿ ಕಾಲೇಜಿಂದ ಸ್ಪ್ಲೆಂಡರ್ ಓಡಿಸಿದ ಕೈ ನಂದು. ಸ್ಕೂಟರ್ ಅಂದ್ರೆ ಮನೆಯೋರು ತರಕಾರಿ ತರೋಕೆ ಇಟ್ಕೊಳ್ಳೋ ಗಾಡಿ ಅನ್ನೋ ಅಭ್ಯಾಸ ತಲೇಲಿ ಕೂತಿತ್ತು, ಕ್ಲಚ್ ಇಲ್ದೆ ಎಡಗೈ ಸುಮ್ನೆ ಇರುತ್ತಲ್ಲ ಅದೇ ಒಂಥರಾ. ಅದಕ್ಕೇ ಇಲ್ಲಿ ರೋಡೆಲ್ಲಾ ಸ್ಕೂಟರೇ ಕಂಡ್ರೂ ಹುಡುಕಿ ಹುಡುಕಿ ಗೇರ್ ಬೈಕೇ ತಗೊಂಡೆ.

ಮೊದಲ ಪಾಠ ಆಗಿದ್ದು ಪಾರ್ಕಿಂಗಲ್ಲಿ. ಇಲ್ಲಿ ರೋಡ್ ಪಕ್ಕ ಬಿಳೀ ಗೆರೆ ಎಳೆದು ಟೂವೀಲರ್‌ಗೆ ಸಣ್ಣ ಸಣ್ಣ ಜಾಗ ಮಾಡಿರ್ತಾರೆ, ಬೆಳಗ್ಗೆ ಒಂಬತ್ತರ ಹೊತ್ತಿಗೆ ಸ್ಟೇಷನ್ ಹತ್ರ ಒಂದರ ಹ್ಯಾಂಡಲ್ ಇನ್ನೊಂದರ ಕನ್ನಡಿಗೆ ತಾಗೋ ಹಾಗೆ ಗಾಡಿ ತುಂಬಿರುತ್ತೆ. ಅಲ್ಲಿಂದ ಗಾಡಿ ಎಳೆಯೋಕೆ ಒಂದು ಕ್ರಮ ಇದೆ. ಪಕ್ಕದ ಗಾಡಿಯ ಹಿಂದಿನ ಹ್ಯಾಂಡಲ್ ಹಿಡಿದು ಸ್ವಲ್ಪ ಎತ್ತಿ ನಾಲ್ಕು ಬೆರಳು ಜಾಗ ಸರಿಸ್ತಾರೆ, ಆಮೇಲೆ ತಮ್ಮದನ್ನ ಹಿಂದಕ್ಕೆ ಎಳ್ಕೋತಾರೆ, ಹೋಗೋವಾಗ ಅದನ್ನ ಮತ್ತೆ ಸರಿಯಾಗಿ ನಿಲ್ಲಿಸಿ ಹೋಗ್ತಾರೆ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಸೆಂಟರ್ ಸ್ಟ್ಯಾಂಡಲ್ಲಿ ನೆಟ್ಟಗೆ ನಿಂತ ಸ್ಕೂಟರ್‌ಗೆ ಇದು ಸಲೀಸು. ನನ್ನ ಬೈಕು ಉದ್ದ, ಹ್ಯಾಂಡಲ್ ಅಗಲ, ಸೈಡ್ ಸ್ಟ್ಯಾಂಡಲ್ಲಿ ವಾಲಿಕೊಂಡು ಪಕ್ಕದೋರ ಅರ್ಧ ಜಾಗ ತಿನ್ನುತ್ತಿತ್ತು, ಇಂಡಿಕೇಟರ್ ಎರಡು ಸಲ ಮುರೀತು. ಮುರಿದೋರ ಮೇಲೆ ನಂಗೆ ಸಿಟ್ಟಿಲ್ಲ, ಆ ಸಾಲಿನ ಅಳತೆಗೆ ನನ್ನ ಗಾಡಿ ಕೂರ್ತಾನೇ ಇರ್ಲಿಲ್ಲ.

ಎರಡನೇದು ಸಿಗ್ನಲ್. ಇಲ್ಲಿ ರೋಡಿನ ಬಲಕ್ಕೆ ಓಡಿಸ್ಬೇಕು, ಅದು ಒಂದು ವಾರದಲ್ಲಿ ಅಭ್ಯಾಸ ಆಗುತ್ತೆ. ಆದ್ರೆ ದೊಡ್ಡ ಸರ್ಕಲ್ಲಲ್ಲಿ ಟೂವೀಲರ್ ನೇರ ಎಡಕ್ಕೆ ತಿರುಗೋ ಹಾಗಿಲ್ಲ. ಹಸಿರು ಬಂದಾಗ ನೇರ ದಾಟಿ, ಮುಂದೆ ಬಲಗಡೆ ನೆಲದ ಮೇಲೆ ಬಿಳೀ ಚೌಕ ಬರೆದಿರುತ್ತೆ, ಅದರೊಳಗೆ ಗಾಡಿ ಎಡಕ್ಕೆ ತಿರುಗಿಸಿ ನಿಂತು, ಆ ಕಡೆ ಹಸಿರು ಬರೋ ತನಕ ಕಾಯ್ಬೇಕು. ಒಂದು ತಿರುವಿಗೆ ಎರಡು ಸಲ ನಿಲ್ಲೋದು ಅಂತ ಲೆಕ್ಕ. ಮನೆಯಿಂದ ಲ್ಯಾಬಿಗೆ ಬರೀ ಆರು ಕಿಲೋಮೀಟರು, ಆದ್ರೆ ಫಸ್ಟು ನ್ಯೂಟ್ರಲ್ಲು ಫಸ್ಟು ನ್ಯೂಟ್ರಲ್ಲು ಅಂತ ಕ್ಲಚ್ ಹಿಡಿದು ಹಿಡಿದು ಮಣಿಕಟ್ಟು ನೋವು ಬರ್ತಿತ್ತು, ನಾಲ್ಕನೇ ಗೇರ್ ನೋಡ್ದೆ ಎಷ್ಟೋ ದಿನ ಕಳೆದಿದೆ. ಬೈಕಿನ ಸುಖ ಇರೋದೇ ಗೇರ್ ಏರಿಸೋದ್ರಲ್ಲಿ ಅಲ್ವಾ, ಆ ಜಾಗನೇ ಈ ಊರಲ್ಲಿಲ್ಲ.

ಊರಾಚೆ ಹೋಗೋಣ ಅಂದ್ರೂ ಕಷ್ಟ. ಇಲ್ಲಿ 51ರಿಂದ 250 ಸಿಸಿ ತನಕ ಬಿಳೀ ನಂಬರ್ ಪ್ಲೇಟು, ಆ ಗಾಡಿಗಳಿಗೆ ಫ್ರೀವೇ ಅನ್ನೋ ದೊಡ್ಡ ಹೆದ್ದಾರಿ ಪೂರ್ತಿ ಬಂದ್, ಅದಕ್ಕಿಂತ ಒಂದು ಹಂತ ಕೆಳಗಿನ ಎಕ್ಸ್‌ಪ್ರೆಸ್‌ವೇಗೂ ಬಿಡಲ್ಲ. 550 ಸಿಸಿ ದಾಟಿದ್ರೆ ಕೆಂಪು ಪ್ಲೇಟು, ಅವಕ್ಕೆ 2007ರಿಂದ ಎಕ್ಸ್‌ಪ್ರೆಸ್‌ವೇ ಬಿಟ್ಟಿದಾರೆ, ಆದ್ರೆ ಅದಕ್ಕೆ ಬೇರೆ ಲೈಸೆನ್ಸು ಬೇರೆ ಖರ್ಚು. ಹಾಗಾಗಿ 125 ಬೈಕ್ ಇಟ್ಕೊಂಡ್ರೂ 125 ಸ್ಕೂಟರ್ ಇಟ್ಕೊಂಡ್ರೂ ತೈಪೇಗೆ ಹೋಗ್ಬೇಕಾದ್ದು ಹಳೇ ಒಂದನೇ ನಂಬರ್ ರೋಡಿನ ಥರದ ಸಿಗ್ನಲ್ ತುಂಬಿರೋ ದಾರೀಲೇ. ನಾನಂತೂ ಟ್ರೇನಲ್ಲೇ ಹೋಗ್ತೀನಿ.

ಬೈಕ್ ಗೆಲ್ಲೋ ಜಾಗಾನೂ ಇದೆ, ಅದನ್ನ ಮುಚ್ಚಿಡಲ್ಲ. ಸಿಂಚುಗೆ ಗಾಳಿ ಊರು ಅಂತಾನೇ ಹೆಸರು, ಅಕ್ಟೋಬರ್ ಆದ್ಮೇಲೆ ಈಶಾನ್ಯದ ಗಾಳಿ ಶುರುವಾದ್ರೆ ಜೂಬೇ ಕಡೆ ಹೋಗೋ ನದಿ ಸೇತುವೆ ಮೇಲೆ ಸ್ಕೂಟರು ಪಕ್ಕದ ಲೇನಿಗೆ ತಳ್ಳಿಸ್ಕೊಂಡು ಹೋಗೋ ಹಾಗಾಗುತ್ತೆ. ಸ್ಕೂಟರ್‌ಗೆ 10 ಇಲ್ಲಾ 12 ಇಂಚಿನ ಚಕ್ರ, ಬೈಕಿಗೆ 17-18 ಇಂಚು, ಆ ವ್ಯತ್ಯಾಸ ಅಲ್ಲಿ ಕೈಗೆ ಗೊತ್ತಾಗುತ್ತೆ. ಇನ್ನು ಬೆಟ್ಟ ಇಳಿಯೋವಾಗ ಬೈಕಲ್ಲಿ ಎರಡನೇ ಗೇರ್‌ಗೆ ಹಾಕಿದ್ರೆ ಇಂಜಿನ್ನೇ ಗಾಡಿ ಹಿಡಿಯುತ್ತೆ, ಸ್ಕೂಟರಲ್ಲಿ ಬೆಲ್ಟಿನ ಡ್ರೈವ್ ಆದ್ರಿಂದ ಆ ಹಿಡಿತ ಕಮ್ಮಿ, ಬ್ರೇಕನ್ನೇ ನಂಬ್ಬೇಕು. ಒಂದ್ಸಲ ನೈವಾನ್ ಆಚೆಯ ಬೆಟ್ಟದಿಂದ ಇಳಿತಾ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದೆ, ಕೆಳಗೆ ಬರೋ ಹೊತ್ತಿಗೆ ಸುಟ್ಟ ವಾಸನೆ, ಲಿವರ್ ಮೆತ್ತಗಾಗಿ ಹೋಗಿತ್ತು. ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಕೂತೆ. ಈಗ ಎರಡೂ ಬ್ರೇಕ್ ಬಿಟ್ಟು ಬಿಟ್ಟು ಹಿಡೀತೀನಿ, ಆಕ್ಸಿಲರೇಟರ್ ಪೂರ್ತಿ ಬಿಡದೆ ಒಂಚೂರು ಹಿಡಿದಿರ್ತೀನಿ, ಆಗ ಒಳಗಿನ ಆಟೋಮ್ಯಾಟಿಕ್ ಕ್ಲಚ್ ಕಚ್ಕೊಂಡಿರುತ್ತೆ. ಪ್ರತಿ ವಾರ ಬೆಟ್ಟಕ್ಕೆ ಹೋಗೋರು, 3275 ಮೀಟರ್ ಎತ್ತರದ ವೂಲಿಂಗ್ ಹತ್ತಬೇಕು ಅನ್ನೋರು ಗೇರ್ ಬೈಕ್ ತಗೊಂಡ್ರೆ ನಾನು ಬೇಡ ಅನ್ನಲ್ಲ.

ಮಳೆ ವಿಷಯಕ್ಕೆ ಬಂದ್ರೆ ಮತ್ತೆ ಸ್ಕೂಟರೇ. ಮಲೆನಾಡ ಮಳೇಲಿ ಬೆಳೆದೋನಿಗೆ ಇದೇನು ಮಹಾ ಅನ್ಕೊಂಡಿದ್ದೆ, ಆದ್ರೆ ಮೇ-ಜೂನ್‌ನಲ್ಲಿ ಇಲ್ಲಿ ಹಿಡಿಯೋ ಮಳೆ ವಾರಗಟ್ಟಲೆ ಬಿಡಲ್ಲ. ಬೈಕಲ್ಲಿ ಮುಂದಿನ ಚಕ್ರದ ನೀರೆಲ್ಲಾ ಶೂ ಒಳಗೇ, ಲ್ಯಾಬಲ್ಲಿ ದಿನವಿಡೀ ಒದ್ದೆ ಸಾಕ್ಸು. ಸ್ಕೂಟರ್ ಮುಂದಿನ ಶೀಲ್ಡ್ ಮೊಣಕಾಲ ತನಕ ಕಾಯುತ್ತೆ, ರೇನ್‌ಕೋಟ್ ಸೀಟ್ ಕೆಳಗೆ ಯಾವಾಗ್ಲೂ ಇರುತ್ತೆ. ಒಂದೇ ಎಚ್ಚರ, ಮಳೇಲಿ ಜೀಬ್ರಾ ಪಟ್ಟೆ ಮೇಲೆ, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಬ್ರೇಕ್ ಮುಟ್ಟಬೇಡಿ, ಎರಡೂ ಗಾಡೀಲೂ ಜಾರುತ್ತೆ.

ಸಾಮಾನು ತರೋದಂತೂ ಹೇಳೋದೇ ಬೇಡ. ಬೈಕ್ ಇದ್ದಾಗ ಎಲ್ಲಾ ಬೆನ್ನ ಮೇಲಿನ ಬ್ಯಾಗಲ್ಲೇ. ಈಗ ಡಿಕ್ಕೀಲಿ ಹಾಲು ಮೊಸರು, ಕಾಲಿನ ಹತ್ರ ನೀರಿನ ಕ್ಯಾನು, ಮುಂದಿನ ಕೊಕ್ಕೆಗೆ ಇಲ್ಲಿನ ಚಪ್ಪಟೆ ಎಲೆಕೋಸಿನ ಚೀಲ, ಎಲ್ಲಾ ಒಂದೇ ಸಲಕ್ಕೆ. ನನ್ನಾಕೆ ಬಂದ್ಮೇಲೆ ಲೆಕ್ಕ ಪೂರ್ತಿ ಒಂದೇ ಕಡೆ ವಾಲ್ತು, ಅವಳು ಊರಲ್ಲಿ ಆಕ್ಟಿವಾ ಓಡಿಸ್ತಿದ್ದೋಳು, ಗೇರ್ ಬೈಕ್ ಮುಟ್ಟಿಲ್ಲ. ಒಂದು ಗಾಡಿ ಇಬ್ರಿಗೂ ಆಗ್ಬೇಕು ಅಂದ್ರೆ ಬೇರೆ ಯೋಚ್ನೆ ಏನಿದೆ.

ಲೈಸೆನ್ಸ್ ಮಾತ್ರ ಮಾಡಿಸ್ಕೊಳ್ಳಿ, ದಯವಿಟ್ಟು ಸುಮ್ನೆ ಓಡಿಸ್ಬೇಡಿ. ರೆಸಿಡೆಂಟ್ ಕಾರ್ಡ್ ತಗೊಂಡು ಹೋಗಿ, ಮೆಡಿಕಲ್ ಆದ್ಮೇಲೆ 50 ಪ್ರಶ್ನೆ, ನೂರಕ್ಕೆ 85 ಬಂದ್ರೆ ಪಾಸು, ಇಂಗ್ಲಿಷಲ್ಲೂ ಬರೀಬೋದು. ರೋಡ್ ಟೆಸ್ಟಲ್ಲಿ ಎಲ್ಲಾರೂ ಹೆದರೋದು ಮೊದಲಲ್ಲೇ ಬರೋ ನೆಟ್ಟನೆ ಪಟ್ಟೆಗೆ, ನಾನು ಕೊಟ್ಟಾಗ ಅದನ್ನ ಕಾಲೂರದೆ ಏಳು ಸೆಕೆಂಡಿಗಿಂತ ಬೇಗ ದಾಟೋ ಹಾಗಿರ್ಲಿಲ್ಲ. ಸ್ಕೂಟರಲ್ಲಿ ಹಿಂದಿನ ಬ್ರೇಕ್ ಲೈಟಾಗಿ ಹಿಡಿದೇ ಒಂಚೂರು ಆಕ್ಸಿಲರೇಟರ್ ಕೊಡ್ತಾ, ಕಣ್ಣು ದೂರದಲ್ಲಿಟ್ಟು ಹೋಗಿ, ಚಕ್ರ ನೋಡಿದ್ರೆ ಓಲಾಡುತ್ತೆ.

ಗೊಗೊರೊ ಕಂಪ್ನಿಯ ಎಲೆಕ್ಟ್ರಿಕ್ ಸ್ಕೂಟರ್ ಬಗ್ಗೆ ತುಂಬಾ ಜನ ಕೇಳ್ತಾರೆ. ಜೊತೆಗಾರನ ಹತ್ರ ಇದೆ, ನಾನೂ ಓಡಿಸಿದೀನಿ, ಪಿಕಪ್ ತುಂಬಾ ಚೆನ್ನಾಗಿದೆ. ಮನೇಲಿ ಚಾರ್ಜ್ ಮಾಡೋ ತಲೆನೋವಿಲ್ಲ, ಸ್ಟೇಷನ್ನಲ್ಲಿ ಖಾಲಿ ಬ್ಯಾಟರಿ ಗೂಡಿಗೆ ತುರುಕಿದ್ರೆ ತುಂಬಿದ್ದು ಈಚೆ ಬರುತ್ತೆ, ಒಂದು ನಿಮಿಷದ ಕೆಲ್ಸ. ಆದ್ರೆ ಗಾಡಿ ದುಡ್ಡಿನ ಮೇಲೆ ತಿಂಗಳು ತಿಂಗಳು ಬ್ಯಾಟರಿ ಪ್ಲಾನ್ ಕಟ್ಬೇಕು, ರಜೆಗೆ ಎರಡು ತಿಂಗಳು ಊರಿಗೆ ಹೋಗೋ ನಮ್ಮಂಥೋರಿಗೆ, ದಿನಕ್ಕೆ ಹನ್ನೆರಡು ಕಿಲೋಮೀಟರ್ ಓಡಿಸೋರಿಗೆ ಪೆಟ್ರೋಲೇ ಸಾಕು ಅನ್ಸುತ್ತೆ. ಬಂಕಲ್ಲಿ "ಜ್ಯೋ ವೂ, ಜ್ಯಾ ಮಾನ್" ಅಂದ್ರೆ ಆಯ್ತು, 95 ಪೆಟ್ರೋಲ್ ಫುಲ್ ಟ್ಯಾಂಕ್ ಅಂತ, ನಾನು ಕಲಿತ ಮೊದಲ ಚೀನೀ ವಾಕ್ಯ ಅದೇ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಅವಸರ ಮಾಡ್ಬೇಡಿ. ನನಗೆ ಬೈಕ್ ಮಾರಿದ ಅಂಗಡಿಯೋನು ಎಲ್ಲಾ ಸರಿ ಇದೆ ಅಂದಿದ್ದ, ಮೂರೇ ವಾರಕ್ಕೆ ಏರಲ್ಲಿ ಇಂಜಿನ್ ಕೂಗುತ್ತೆ ಗಾಡಿ ಮುಂದೆ ಹೋಗಲ್ಲ, ಕ್ಲಚ್ ಪ್ಲೇಟ್ ಪೂರ್ತಿ ಸವೆದಿತ್ತು. ವಾಪಸ್ ಹೋದ್ರೆ ಮಾರಿದ್ಮೇಲೆ ನಂಗೆ ಸಂಬಂಧ ಇಲ್ಲ ಅಂದ. ನಮ್ಮ ಗಲ್ಲಿಯ ವಯಸ್ಸಾದ ಮೆಕ್ಯಾನಿಕ್, ಎಲ್ರೂ ಲೌಬಾನ್ ಲೌಬಾನ್ ಅಂತಾರೆ, ಯಜಮಾನ್ರೇ ಅಂದಹಾಗೆ, ಆತನೇ ಪಾರ್ಟ್ ತರಿಸಿ ಹಾಕಿಕೊಟ್ಟಿದ್ದು, ಬರೋಕೇ ಹತ್ತು ದಿನ ಆಯ್ತು. ಸ್ಕೂಟರಿನ ಬೆಲ್ಟು ರೋಲರು ಆತನ ಗೋಡೆ ಮೇಲೇ ನೇತಾಡ್ತಿರುತ್ತೆ. ಕಿಮ್ಕೊ ತಗೊಳ್ಳೋವಾಗ ಮೊದಲು ಆತನಿಗೇ ತೋರಿಸಿದೆ, ಬೆಲ್ಟ್ ಕವರ್ ಬಿಚ್ಚಿ ನೋಡಿ ಹೂಂ ಅಂದ್ಮೇಲೇ 28,000 ತೈವಾನ್ ಡಾಲರ್ ಕೊಟ್ಟಿದ್ದು. ಪ್ರತಿ 1000 ಕಿಲೋಮೀಟರಿಗೆ ಆಯಿಲ್ ಬದಲಾಯಿಸ್ತೀನಿ, ಎರಡು ವರ್ಷದಲ್ಲಿ ಒಂದು ಬ್ಯಾಟರಿ, ಒಂದು ಹಿಂದಿನ ಟೈರು, ಅಷ್ಟೇ ಖರ್ಚು.

ಬೈಕನ್ನ ಕೊನೆಗೆ ಒಬ್ಬ ವಿಯೆಟ್ನಾಂ ಹುಡುಗ ತಗೊಂಡ, ವಾರಕ್ಕೊಮ್ಮೆ ಬೆಟ್ಟಕ್ಕೆ ಹೋಗೋನಂತೆ. ಎಡ ಇಂಡಿಕೇಟರ್ ಬೇರೆ ಗಾಡೀದು, ಚೈನ್ ಇನ್ನೊಂದಾರು ತಿಂಗಳಿಗೆ ಬದಲಾಯಿಸ್ಬೇಕು ಅಂತ ಎಲ್ಲಾ ಹೇಳಿ, ಕ್ಲಚ್ ಪ್ಲೇಟ್ ಹಾಕಿಸಿದ ಬಿಲ್ಲನ್ನೂ ಕೈಗೆ ಕೊಟ್ಟು ಕಳಿಸಿದೆ.