ಒಂದೇ ಸರ್ವರ್, ಮೂರು ಪಿಎಚ್‌ಪಿ: ಯಾವ ದಾರಿ ಹಿಡಿದರೆ ತಲೆನೋವು ಕಡಿಮೆ?

ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಹಳೆಯ ಸೈಟನ್ನು ಹೊಸ ಆವೃತ್ತಿಗೆ ತರಬೇಕು ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಆ ಕೆಲಸಕ್ಕೆ ದುಡ್ಡು ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಅನ್ನುವಾಗಲೇ ಎಲ್ಲರೂ ಆಚೆ ಈಚೆ ನೋಡುವುದು. ಅಲ್ಲಿಯವರೆಗೆ ಹಳೆಯದೂ ಓಡಬೇಕು, ಹೊಸದೂ ಓಡಬೇಕು. ಅದೂ ಒಂದೇ ಸರ್ವರ್‌ನಲ್ಲಿ.

ನಾನು ನೋಡಿಕೊಳ್ಳುವ ಸರ್ವರ್ ದೊಡ್ಡದೇನಲ್ಲ. 2 ಜಿಬಿ ರ‍್ಯಾಮ್, ಉಬುಂಟು 22.04. ಪುಟಗಳನ್ನು ಬ್ರೌಸರ್‌ಗೆ ಕಳಿಸುವ ವೆಬ್ ಸರ್ವರ್ ಆಗಿ ಮೊದಲು ಅಪಾಚೆ ಇತ್ತು, ಈಗ ಎಂಜಿನ್‌ಎಕ್ಸ್ ಇದೆ. ಅಂಗಡಿಯೊಂದರ ವರ್ಡ್‌ಪ್ರೆಸ್ ಸೈಟ್ ಪಿಎಚ್‌ಪಿ 8.3ರಲ್ಲಿ ಓಡುತ್ತದೆ. ಗ್ರಂಥಾಲಯವೊಂದರ ಪುಸ್ತಕಪಟ್ಟಿ 7.4ಕ್ಕೆ ಬರೆದದ್ದು. ಮೂರನೆಯದು ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್, 5.6 ಬಿಟ್ಟರೆ ಬೇರೆಲ್ಲೂ ಏಳುವುದೇ ಇಲ್ಲ.

ಮೂರನ್ನೂ ಹೊಸದಕ್ಕೆ ತಳ್ಳಿಬಿಡಬಹುದಿತ್ತಲ್ಲ ಅಂತ ಕೇಳಬಹುದು. ಬಿಲ್ಲಿಂಗ್‌ನವರು ಡೇಟಾಬೇಸ್ ಜೊತೆ ಮಾತಾಡಲು ಎಲ್ಲ ಕಡೆ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನೇ ಬಳಸಿದ್ದಾರೆ. 2015ರಲ್ಲಿ ಬಂದ 7.0 ಅವುಗಳನ್ನು ಕಿತ್ತುಹಾಕಿತು. ಹಾಗಾಗಿ ಮೊದಲ ಪುಟವೇ ತೆರೆಯುವುದಿಲ್ಲ. 7.4ರಿಂದ 8ಕ್ಕೆ ಹೋಗುವಾಗಿನ ಕಾಟ ಬೇರೆ ಥರದ್ದು. ಸೊನ್ನೆಯನ್ನು ಒಂದು ಪದದ ಜೊತೆ ಎರಡು ಸಮಚಿಹ್ನೆ ಹಾಕಿ ಹೋಲಿಸಿದರೆ 7.4 'ಎರಡೂ ಒಂದೇ' ಅನ್ನುತ್ತಿತ್ತು. 8.0 'ಅಲ್ಲ' ಅನ್ನುತ್ತದೆ. ಎರರ್ ಏನೂ ಬರುವುದಿಲ್ಲ, ಸುಮ್ನೆ ಉತ್ತರ ಬದಲಾಗುತ್ತದೆ. ಕಣ್ಣಿಗೆ ಕಾಣುವ ಎರರ್‌ಗಿಂತ ಇದಕ್ಕೇ ನನಗೆ ಹೆದರಿಕೆ ಜಾಸ್ತಿ.

ಬೇಗ ಬಿಟ್ಟ ದಾರಿಗಳು

ಅಪಾಚೆಯ ಒಳಗೇ ಪಿಎಚ್‌ಪಿಯನ್ನು ಮಾಡ್ಯೂಲ್ ಆಗಿ ಕೂರಿಸುವುದು ಹಳೆಯ ಪದ್ಧತಿ. ಸುಲಭ, ಆದರೆ ಒಂದು ಅಪಾಚೆಯಲ್ಲಿ ಒಂದೇ ಆವೃತ್ತಿ. ಎರಡು ಬೇಕಾದರೆ ಇನ್ನೊಂದು ಅಪಾಚೆಯನ್ನು ಬೇರೆ ಪೋರ್ಟ್‌ನಲ್ಲಿ ಎಬ್ಬಿಸಿ, ಮೊದಲನೆಯದರಿಂದ ಪ್ರಾಕ್ಸಿ ಮಾಡಬೇಕು. ಮಾಡಬಹುದು, ಮಾಡಿ ನೋಡಿದ್ದೇನೆ. ಎರಡೆರಡು ಕಡೆ ಲಾಗ್ ಹುಡುಕುತ್ತಾ ಕೂರುವುದು ಯಾರಿಗೂ ಬೇಡ. ಮೇಲಾಗಿ ಎಲ್ಲ ಸೈಟ್‌ಗಳೂ ಒಂದೇ ಯೂಸರ್ ಹೆಸರಲ್ಲಿ ಓಡುತ್ತವೆ. ಒಂದಕ್ಕೆ ಕಳ್ಳ ನುಗ್ಗಿದರೆ ಮಿಕ್ಕವುಗಳ ಡೇಟಾಬೇಸ್ ಪಾಸ್‌ವರ್ಡ್ ಕೂಡ ಅವನ ಕೈಗೆ.

ಅಪಾಚೆಯ ಎಫ್‌ಸಿಜಿಐಡಿ ಮಾಡ್ಯೂಲ್ ಅದಕ್ಕಿಂತ ಪರವಾಗಿಲ್ಲ. ಒಂದೊಂದು ಸೈಟಿಗೆ ಒಂದೊಂದು ಸಣ್ಣ ಶೆಲ್ ಸ್ಕ್ರಿಪ್ಟ್ ಬರೆದು, ಬೇಕಾದ ಆವೃತ್ತಿಯನ್ನು ಕರೆಯಬಹುದು. ಆದರೆ ಸಾಮಾನ್ಯವಾಗಿ ಪ್ರತಿ ಪ್ರೋಸೆಸ್ ತನ್ನದೇ ಆಪ್‌ಕ್ಯಾಶ್ (ಕಂಪೈಲ್ ಆದ ಕೋಡ್‌ನ ಸಂಗ್ರಹ) ಇಟ್ಟುಕೊಳ್ಳುತ್ತದೆ. ಅದೇ ವರ್ಡ್‌ಪ್ರೆಸ್ ಕೋಡ್ ಮೆಮೊರಿಯಲ್ಲಿ ಮತ್ತೆ ಮತ್ತೆ ಕೂತರೆ 2 ಜಿಬಿ ಯಾವ ಮೂಲೆಗೆ?

ಸೋರ್ಸ್ ತಂದು ನಾವೇ ಕಂಪೈಲ್ ಮಾಡುವ ಮಾತು 22.04ರಲ್ಲಿ ಮರೆತುಬಿಡಿ. ಅದರಲ್ಲಿರುವ ಎನ್‌ಕ್ರಿಪ್ಶನ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 3. ಅದಕ್ಕೆ ಸರಿಯಾಗಿ ಹೊಂದುವುದು ಪಿಎಚ್‌ಪಿ 8.1ರಿಂದ ಮೇಲಿನವು ಮಾತ್ರ. ಹಳೆಯ ಓಪನ್‌ಎಸ್‌ಎಸ್‌ಎಲ್ ಅನ್ನೂ ಪಕ್ಕದಲ್ಲಿ ಕಟ್ಟಿಕೊಂಡು ಸಾಕಬೇಕಾಗುತ್ತದೆ.

ಹೋಸ್ಟಿಂಗ್ ಕಂಟ್ರೋಲ್ ಪ್ಯಾನೆಲ್‌ಗಳಲ್ಲಿ ಪಟ್ಟಿಯಿಂದ ಆವೃತ್ತಿ ಆರಿಸಿದರೆ ಆಯಿತು. ಸರ್ವರ್ ಮುಟ್ಟುವ ಅಭ್ಯಾಸ ಇಲ್ಲದವರಿಗೆ ಅದೇ ಒಳ್ಳೆಯದು, ಇದರಲ್ಲಿ ಅವಮಾನವೇನಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಕೆಲವು ಪ್ಯಾನೆಲ್‌ಗಳು ನೀವು ಆರಿಸಿದ ಆವೃತ್ತಿಯನ್ನು ಸೈಟಿನ ಎಚ್‌ಟಿಆಕ್ಸೆಸ್ ಅನ್ನುವ ಅಪಾಚೆ ಸೆಟ್ಟಿಂಗ್ ಫೈಲ್‌ನಲ್ಲಿ ಬರೆದಿಡುತ್ತವೆ. ಸೈಟನ್ನು ಹಾಗೇ ಎತ್ತಿಕೊಂಡು ಬೇರೆ ಅಪಾಚೆಗೆ ತಂದರೆ ಅಲ್ಲಿ ಆ ಹೆಸರಿನ ಹ್ಯಾಂಡ್ಲರ್ ಇರುವುದಿಲ್ಲ. ಆಗ ಪಿಎಚ್‌ಪಿ ಓಡುವ ಬದಲು ಫೈಲೇ ಬ್ರೌಸರ್‌ನಲ್ಲಿ ಡೌನ್‌ಲೋಡ್ ಆಗಿಬಿಡಬಹುದು, ಒಳಗಿನ ಪಾಸ್‌ವರ್ಡ್ ಸಮೇತ.

ಡಾಕರ್

ಉಳಿದದ್ದು ಎರಡು ದಾರಿ. ಮೊದಲು ಡಾಕರ್ ನೋಡೋಣ, ಯಾಕೆಂದರೆ ಈಗ ಯಾರನ್ನು ಕೇಳಿದರೂ ಮೊದಲು ಹೇಳುವುದು ಅದನ್ನೇ.

ಪ್ರೋಗ್ರಾಮನ್ನೂ ಅದಕ್ಕೆ ಬೇಕಾದದ್ದನ್ನೂ ಕಂಟೇನರ್ ಅನ್ನುವ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವುದು ಡಾಕರ್. ಇದರ ಗುಣ ದೊಡ್ಡದು. ಪಿಎಚ್‌ಪಿ ಮಾತ್ರವಲ್ಲ, ಅದರ ಸುತ್ತಲಿನ ಲೈಬ್ರರಿಗಳೂ ಆ ಕಾಲದವೇ ಸಿಗುತ್ತವೆ. ನಾಳೆ ಉಬುಂಟು 24.04ಕ್ಕೆ ಹೋದರೂ ಕಂಟೇನರ್‌ಗೆ ಗೊತ್ತೇ ಆಗುವುದಿಲ್ಲ. ಎಂಜಿನ್‌ಎಕ್ಸ್ ಹೊರಗೇ ಇರುತ್ತದೆ, ಒಳಗಿನ ಎಫ್‌ಪಿಎಂ (ಪಿಎಚ್‌ಪಿಯನ್ನು ವೆಬ್ ಸರ್ವರ್‌ನಿಂದ ಬೇರೆ ಸರ್ವಿಸ್ ಆಗಿ ಓಡಿಸುವ ಭಾಗ) 9000ನೇ ಪೋರ್ಟ್‌ನಲ್ಲಿ ಕಾಯುತ್ತದೆ.

ಕಷ್ಟ ಶುರುವಾಗುವುದು ಸಣ್ಣಪುಟ್ಟದರಲ್ಲಿ. ಸೈಟಿನ ಫೋಲ್ಡರ್ ಹೊರಗೊಂದು ಪಾತ್, ಒಳಗೊಂದು ಪಾತ್ ಆದರೆ ಪುಟದಲ್ಲಿ 'ಫೈಲ್ ನಾಟ್ ಫೌಂಡ್' ಅಂತಷ್ಟೇ ಬರುತ್ತದೆ. ಫೈಲ್ ಕಣ್ಣೆದುರೇ ಇರುತ್ತದೆ! ಲಾಗ್‌ನಲ್ಲಿ 'ಪ್ರೈಮರಿ ಸ್ಕ್ರಿಪ್ಟ್ ಅನ್‌ನೋನ್' ಅಂತ ಕಂಡರೆ ಕಾರಣ ಬಹುಪಾಲು ಇದೇ. ಎಂಜಿನ್‌ಎಕ್ಸ್ ತನಗೆ ಗೊತ್ತಿರುವ ಪಾತ್ ಕಳಿಸುತ್ತದೆ, ಕಂಟೇನರ್ ಒಳಗೆ ಆ ಹೆಸರಿನ ಜಾಗವೇ ಇಲ್ಲ. ಎರಡೂ ಕಡೆ ಒಂದೇ ಪಾತ್ ಇಟ್ಟರೆ ಈ ರಗಳೆ ಇಲ್ಲ.

ಆಮೇಲೆ ಡೇಟಾಬೇಸ್. ಹಳೆಯ ಕೋಡ್‌ನಲ್ಲಿ 'ಲೋಕಲ್‌ಹೋಸ್ಟ್' ಅಂತ ಬರೆದಿರುತ್ತಾರೆ. ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಕಂಟೇನರ್ರೇ, ಅಲ್ಲಿ ಮೈಎಸ್‌ಕ್ಯೂಎಲ್ ಎಲ್ಲಿಂದ ಬರಬೇಕು? ಅದನ್ನು ಸರಿಮಾಡಿದರೂ 5.6ಕ್ಕೂ ಮೈಎಸ್‌ಕ್ಯೂಎಲ್ 8ಕ್ಕೂ ಆಗಿಬರುವುದಿಲ್ಲ. ಸರ್ವರ್ ಹೇಳುವ 255ನೇ ನಂಬರಿನ ಅಕ್ಷರಗುಂಪು 5.6ಕ್ಕೆ ಗೊತ್ತಿಲ್ಲ, ಹೊಸ ಪಾಸ್‌ವರ್ಡ್ ಪದ್ಧತಿಯೂ ಗೊತ್ತಿಲ್ಲ. ಬಿಲ್ಲಿಂಗ್‌ಗೆ ನಾನು ಮೈಎಸ್‌ಕ್ಯೂಎಲ್‌ನಂಥದ್ದೇ ಇನ್ನೊಂದು ಡೇಟಾಬೇಸ್ ಮರಿಯಾಡಿಬಿ ಕೊಟ್ಟು ಸುಮ್ಮನಾದೆ. ಇದು ಡಾಕರ್‌ನ ದೋಷವಲ್ಲ ಬಿಡಿ, 5.6 ಎಲ್ಲಿದ್ದರೂ ಇದೇ ಕಥೆ.

ಡಾಕರ್‌ನದ್ದೇ ಅನ್ನಬೇಕಾದ ದೂರು ಎರಡು. 5.6ರ ಅಧಿಕೃತ ಇಮೇಜ್ (ಕಂಟೇನರ್‌ನ ಸಿದ್ಧ ಅಚ್ಚು) ನಿಂತಿರುವುದು ಡೆಬಿಯನ್ ಲಿನಕ್ಸ್‌ನ ಹಳೆಯ ಆವೃತ್ತಿ ಸ್ಟ್ರೆಚ್ ಮೇಲೆ. ಸ್ಟ್ರೆಚ್‌ನ ಪ್ಯಾಕೇಜ್‌ಗಳು ಮಾಮೂಲಿ ಜಾಗದಿಂದ ಆರ್ಕೈವ್‌ಗೆ ಹೋಗಿವೆ. ಚಿತ್ರಗಳಿಗೆ ಬೇಕಾದ ಜಿಡಿ ಎಕ್ಸ್‌ಟೆನ್ಶನ್ ಹಾಕೋಣ ಅಂತ ಹೊರಟರೆ 404 ಎರರ್. ಮೊದಲು ವಿಳಾಸ ಬದಲಿಸಬೇಕು. ಎರಡನೆಯದು ಇನ್ನೂ ಗಂಭೀರ. ಡಾಕರ್ ತೆರೆದ ಪೋರ್ಟ್ ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲ್ ನಿಯಮಗಳನ್ನು ದಾಟಿಕೊಂಡು ಹೋಗುತ್ತದೆ. 9000 ಅನ್ನು ಬರೀ 9000 ಅಂತ ಬರೆದರೆ ಊರಿಗೆಲ್ಲ ತೆರೆದ ಹಾಗೆ. ಮುಂದೆ 127.0.0.1 ಸೇರಿಸಲೇಬೇಕು. ಎಫ್‌ಪಿಎಂ ಪೋರ್ಟ್ ಹೊರಗಿನವರಿಗೆ ಸಿಕ್ಕರೆ ಅವರು ನಿಮ್ಮ ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಹುದು.

ಪಕ್ಕಪಕ್ಕದಲ್ಲಿ ಎಫ್‌ಪಿಎಂ

ನನ್ನ ಓಟು ಇದಕ್ಕೇ. ಎಫ್‌ಪಿಎಂ 2010ರಿಂದ, ಅಂದರೆ 5.3.3ರಿಂದ, ಪಿಎಚ್‌ಪಿ ಜೊತೆಗೇ ಬರುತ್ತಿದೆ. ಡೆಬಿಯನ್‌ನ ಪಿಎಚ್‌ಪಿ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವ ಒಂದ್ರೆಯ್ ಸೂರಿ ಉಬುಂಟುವಿಗೂ ಒಂದು ಪಿಪಿಎ (ಉಬುಂಟುವಿನದ್ದಲ್ಲದ ಪ್ಯಾಕೇಜ್ ಭಂಡಾರ) ನಡೆಸುತ್ತಾರೆ. ಅದನ್ನು ಸೇರಿಸಿಕೊಂಡರೆ 7.4, 8.3 ಎರಡನ್ನೂ ಅಕ್ಕಪಕ್ಕ ಹಾಕಬಹುದು. ಒಂದೇ ಮನೆ, ಒಲೆ ಬೇರೆ ಬೇರೆ. ಪ್ರತಿ ಆವೃತ್ತಿಗೂ ಅದರದೇ ಸರ್ವಿಸ್, ಎಂಜಿನ್‌ಎಕ್ಸ್ ಅದರ ಜೊತೆ ಮಾತಾಡಲು ಅದರದೇ ಸಾಕೆಟ್. ಎಂಜಿನ್‌ಎಕ್ಸ್‌ನಲ್ಲಿ ಯಾವ ಸೈಟಿಗೆ ಯಾವ ಸಾಕೆಟ್ ಅಂತ ಒಂದು ಸಾಲು ಬರೆದರೆ ಮುಗಿಯಿತು. ಸೈಟಿಗೊಂದು ಪೂಲ್ (ಪಿಎಚ್‌ಪಿ ಪ್ರೋಸೆಸ್‌ಗಳ ಗುಂಪು), ಪೂಲಿಗೊಂದು ಯೂಸರ್ ಇಟ್ಟು ಫೋಲ್ಡರ್‌ಗಳ ಪರ್ಮಿಶನ್ ಬಿಗಿ ಮಾಡಿದರೆ ಗ್ರಂಥಾಲಯದ ಕೋಡ್ ಅಂಗಡಿಯ ಪಾಸ್‌ವರ್ಡ್ ಓದಲಾರದು.

ಮೆಮೊರಿ ಕಡೆ ಮಾತ್ರ ಗಮನ ಬೇಕು. ಹೊಸ ಆವೃತ್ತಿ ಹಾಕಿದ ಕೂಡಲೇ ಅದರ ಡೀಫಾಲ್ಟ್ ಪೂಲ್ ಎದ್ದು ಕೂರುತ್ತದೆ, ಯಾರೂ ಬಳಸದಿದ್ದರೂ. ದಿನಕ್ಕೆ ನಾಲ್ಕು ಜನ ನೋಡುವ ಸೈಟಿನ ಪೂಲನ್ನು 'ಆನ್‌ಡಿಮ್ಯಾಂಡ್'ಗೆ ಬದಲಿಸಿ. ಕೆಲಸವಿಲ್ಲದಾಗ ಪ್ರೋಸೆಸ್‌ಗಳು ತಾವೇ ಹೋಗುತ್ತವೆ.

ಎಕ್ಸ್‌ಟೆನ್ಶನ್‌ಗಳನ್ನು ಪ್ರತಿ ಆವೃತ್ತಿಗೂ ಬೇರೆಬೇರೆಯಾಗಿ ಹಾಕಬೇಕು. ಕನ್ನಡದ ಸೈಟ್ ನಡೆಸುವವರಿಗೆ ಇದು ಜಾಸ್ತಿ ತಟ್ಟುತ್ತದೆ. 8.3ಕ್ಕೆ ಎಂಬಿಸ್ಟ್ರಿಂಗ್ (ಅಕ್ಷರಗಳನ್ನು ಬೈಟ್ ಲೆಕ್ಕ ಬಿಟ್ಟು ಎಣಿಸುವ ಎಕ್ಸ್‌ಟೆನ್ಶನ್) ಹಾಕಿದ್ದರೆ 7.4ಕ್ಕೂ ಬಂತು ಅಂತಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. 'ಕಾ' ಅಂದರೆ ಕ ಮತ್ತು ದೀರ್ಘ ಸೇರಿ 6. ಗ್ರಂಥಾಲಯದ ಕೋಡ್ ಎಂಬಿಸ್ಟ್ರಿಂಗ್ ಇಲ್ಲದಿದ್ದರೆ ಸಾಮಾನ್ಯ ಫಂಕ್ಷನ್ನಿನಿಂದಲೇ ಹೆಸರು ಕತ್ತರಿಸುವ ಥರ ಬರೆದದ್ದು. ಹೀಗಾಗಿ ಎರರ್ ಇಲ್ಲ, ಪುಟವೂ ಬರುತ್ತದೆ. ಉದ್ದ ಹೆಸರಿನ ಪುಸ್ತಕಗಳ ಕೊನೆಯಲ್ಲಿ ಮಾತ್ರ ಕಪ್ಪು ವಜ್ರದೊಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ. ಲೇಖಕರನ್ನು ಅಕಾರಾದಿಯಲ್ಲಿ ಜೋಡಿಸಲು ಅಲ್ಲಿ ಇಂಟ್ಲ್ ಎಕ್ಸ್‌ಟೆನ್ಶನ್‌ನ ಕೊಲೇಟರ್ ಬಳಸಿದ್ದಾರೆ. ಅದು ಇಲ್ಲದಿದ್ದರೆ ಪುಟ ನೇರವಾಗಿ ಬಿದ್ದೇ ಹೋಗುತ್ತದೆ. ನನ್ನ ಕೇಳಿದರೆ ಬಿದ್ದುಹೋಗುವುದೇ ವಾಸಿ.

ಬಹಳ ಜನ ನೋಡದೆ ಬಿಡುವುದು ಕ್ರಾನ್, ಅಂದರೆ ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ತಾನೇ ಓಡಿಸುವ ವ್ಯವಸ್ಥೆ. ಎಂಜಿನ್‌ಎಕ್ಸ್‌ನಲ್ಲಿ ಬರೆದ ಸಾಲು ವೆಬ್‌ಗೆ ಮಾತ್ರ. ಟರ್ಮಿನಲ್‌ನಲ್ಲಿ ಬರೀ 'ಪಿಎಚ್‌ಪಿ' ಅಂದರೆ ಯಾವುದು ಓಡಬೇಕು ಅಂತ ನಿರ್ಧರಿಸುವುದು ಉಬುಂಟುವಿನ ಆಲ್ಟರ್ನೇಟಿವ್ಸ್ ವ್ಯವಸ್ಥೆ. ಅದನ್ನು ಮುಟ್ಟದಿದ್ದರೆ ಇರುವುದರಲ್ಲಿ ದೊಡ್ಡ ನಂಬರನ್ನೇ ಆರಿಸುತ್ತದೆ. ಅಂದರೆ 8.3 ಹಾಕಿದ ದಿನವೇ 7.4ರ ರಾತ್ರಿ ಕೆಲಸಗಳೂ 8.3ಕ್ಕೆ ಜಾರುತ್ತವೆ. ಹಳೆಯ ಸ್ಕ್ರಿಪ್ಟ್‌ನಲ್ಲಿ 8.0 ತೆಗೆದುಹಾಕಿದ 'ಈಚ್' ಫಂಕ್ಷನ್ ಇದ್ದರೆ ಸೈಟ್ ಚೆನ್ನಾಗೇ ಇರುತ್ತದೆ, ರಾತ್ರಿಯ ಕೆಲಸ ಮಾತ್ರ ನಿಂತಿರುತ್ತದೆ. ಕ್ರಾನ್‌ನಲ್ಲಿ ಆವೃತ್ತಿಯ ನಂಬರ್ ಇರುವ ಪೂರ್ತಿ ಪಾತ್ ಬರೆಯಿರಿ. ಪಿಎಚ್‌ಪಿ ಲೈಬ್ರರಿಗಳನ್ನು ತರುವ ಕಂಪೋಸರ್ ಓಡಿಸುವಾಗಲೂ ಹಾಗೇ.

ಅಪಾಚೆಯನ್ನು ಉಳಿಸಿಕೊಂಡೇ ಅದರ ಮಾಡ್ಯೂಲ್‌ನಿಂದ ಎಫ್‌ಪಿಎಂಗೆ ಬರುವವರು ಎಚ್‌ಟಿಆಕ್ಸೆಸ್‌ನಲ್ಲಿರುವ ಪಿಎಚ್‌ಪಿ ಸೆಟ್ಟಿಂಗ್ ಸಾಲುಗಳನ್ನು ತೆಗೆಯಬೇಕು. ಇಲ್ಲದಿದ್ದರೆ 500 ಎರರ್. ಅವುಗಳನ್ನು ಯೂಸರ್ ಐಎನ್‌ಐ ಫೈಲ್‌ಗೆ ಸಾಗಿಸಿ. ಬದಲಾವಣೆ ತಕ್ಷಣ ಕಾಣದಿದ್ದರೆ ಗಾಬರಿ ಬೇಡ, ಆ ಫೈಲನ್ನು ಪಿಎಚ್‌ಪಿ 5 ನಿಮಿಷಕ್ಕೊಮ್ಮೆಯಷ್ಟೇ ಮತ್ತೆ ಓದುತ್ತದೆ.

ಈಗ ನನ್ನ ಸರ್ವರ್‌ನಲ್ಲಿ ಎರಡೂ ದಾರಿ ಇವೆ. 7.4, 8.3 ನೇರ ಎಫ್‌ಪಿಎಂನಲ್ಲಿ, 5.6 ಕಂಟೇನರ್‌ನಲ್ಲಿ. 5.6 ಕೂಡ ಅದೇ ಪಿಪಿಎಯಲ್ಲಿ ಸಿಗುತ್ತದೆ. ಆದರೆ ಅದರ ಅಧಿಕೃತ ಭದ್ರತಾ ಬೆಂಬಲ 2018ರ ಕೊನೆಗೇ ಮುಗಿದಿದೆ. ಅಂಥದ್ದನ್ನು ಉಳಿದವರ ನಡುವೆ ಓಡಾಡಲು ಬಿಡುವ ಮನಸ್ಸಿಲ್ಲ. ಒಳಗೆ ಅದರ ಫೋಲ್ಡರ್ ಒಂದನ್ನೇ ಕೊಟ್ಟಿದ್ದೇನೆ, ಆಫೀಸಿನ ಐಪಿ ಬಿಟ್ಟು ಬೇರೆಯವರಿಗೆ ಬಾಗಿಲು ಇಲ್ಲ.

7.4ರ ಬೆಂಬಲವೂ 2022ರ ನವೆಂಬರ್‌ನಲ್ಲಿ ನಿಂತಿತು, ಹಾಗಾಗಿ ಗ್ರಂಥಾಲಯದ್ದು ಮೇಲೆ ಬರಲೇಬೇಕು. ಇಲ್ಲಿ ಎಫ್‌ಪಿಎಂ ಜೋಡಿ ಕೈಹಿಡಿಯುತ್ತದೆ. ಅದೇ ಕೋಡ್‌ನ ಒಂದು ಪ್ರತಿ, ಡೇಟಾಬೇಸ್‌ನ ಒಂದು ಪ್ರತಿ ಮಾಡಿ ಸಬ್‌ಡೊಮೇನ್ ಒಂದರಲ್ಲಿ ಇಟ್ಟಿದ್ದೇನೆ. ಅದರ ಸಾಕೆಟ್ ಸಾಲಿನಲ್ಲಿ ಮಾತ್ರ 8.3. ಗ್ರಂಥಾಲಯದ ಮೇಡಂ ಪುಸ್ತಕ ಹುಡುಕಿ ನೋಡುತ್ತಾರೆ, ನಾನು ಲಾಗ್ ನೋಡುತ್ತೇನೆ. ಅವರು ಸರಿ ಅಂದ ದಿನ ನಿಜವಾದ ಸೈಟಿನಲ್ಲೂ ಅದೇ ಸಾಲು ಬದಲಿಸಿ ಎಂಜಿನ್‌ಎಕ್ಸ್ ರೀಲೋಡ್ ಮಾಡುವುದು. ಏನಾದರೂ ಎಡವಟ್ಟಾದರೆ 7.4 ಇನ್ನೂ ಓಡುತ್ತಲೇ ಇರುತ್ತದೆ, ಸಾಲನ್ನು ಹಿಂದಕ್ಕೆ ಬದಲಿಸಿದರಾಯಿತು.