ನೀರಿನ ಗುಣಮಟ್ಟ ಸೂಚ್ಯಂಕ: ನಾಲ್ಕು ವರ್ಷ ಬಳಸಿದ ಮೇಲೆ

ಒಂದು ಹೊಳೆಯ ನೀರನ್ನು ನಾಲ್ಕು ವರ್ಷದಿಂದ ತಿಂಗಳಿಗೊಮ್ಮೆ ಪರೀಕ್ಷೆ ಮಾಡಿ ಅಂಕ ಹಾಕುತ್ತಿದ್ದೇನೆ. ಬಳಸುವುದು ಎನ್‌ಎಸ್‌ಎಫ್ ಸೂಚ್ಯಂಕ. ಅಮೆರಿಕದ ನ್ಯಾಷನಲ್ ಸ್ಯಾನಿಟೇಶನ್ ಫೌಂಡೇಶನ್ (ಎನ್‌ಎಸ್‌ಎಫ್) ಬೆಂಬಲದಿಂದ 1970ರಲ್ಲಿ ರೂಪಿಸಿದ್ದು. ಕರಗಿದ ಆಮ್ಲಜನಕ, ಮಲದ ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ), ಪಿಹೆಚ್ (ಆಮ್ಲ-ಕ್ಷಾರದ ಅಳತೆ), ಬಿಒಡಿ (ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ), ಉಷ್ಣತೆಯ ವ್ಯತ್ಯಾಸ, ಫಾಸ್ಫೇಟ್, ನೈಟ್ರೇಟ್, ಕದಡು, ಒಟ್ಟು ಘನವಸ್ತು ಎಂದು ಒಂಬತ್ತು ಪರೀಕ್ಷೆ. ಒಂದೊಂದು ಅಳತೆಗೂ 100ಕ್ಕೆ ಇಷ್ಟು ಎಂದು ಅಂಕ, ಒಂದೊಂದಕ್ಕೆ ಒಂದೊಂದು ತೂಕ; ಎಲ್ಲ ತೂಕ ಸೇರಿದರೆ 1. ಕೊನೆಗೆ ಉಳಿಯುವುದು 100ಕ್ಕೆ ಇಷ್ಟು ಎನ್ನುವ ಒಂದೇ ಅಂಕ.

ಆ ಒಂದು ಅಂಕದ ಶಕ್ತಿ ದೊಡ್ಡದು. ಮೊದಲು ಒಂಬತ್ತು ಸಾಲಿನ ಪಟ್ಟಿ ಅಂಟಿಸುತ್ತಿದ್ದೆ, ಯಾರೂ ನಿಂತು ಓದುತ್ತಿರಲಿಲ್ಲ. ಈಗ ಜನರೇ ಬಂದು "ಈ ಸಲ ಎಷ್ಟು ಬಂತು?" ಎಂದು ಕೇಳುತ್ತಾರೆ. ಇದಕ್ಕಾಗಿಯೇ ಇದನ್ನು ಬಿಡುವ ಮನಸ್ಸಿಲ್ಲ.

ಆದರೆ ಒಂದು ದೋಷ ನನ್ನನ್ನು ತುಂಬಾ ಕಾಡಿತು. ಎಂಟು ಪರೀಕ್ಷೆಯಲ್ಲಿ 90 ಬಂದು, ಕೋಲಿಫಾರ್ಮ್‌ನಲ್ಲಿ ಬರೀ 10 ಬಂತು ಅಂದುಕೊಳ್ಳಿ. ಕೋಲಿಫಾರ್ಮ್‌ನ ತೂಕ 0.16. ಒಂದೊಂದು ಅಂಕವನ್ನೂ ಅದರ ತೂಕದಿಂದ ಗುಣಿಸಿ ಕೂಡಿಸಿದರೆ ಒಟ್ಟು 77. ಈ ಸೂಚ್ಯಂಕದಲ್ಲಿ 70 ದಾಟಿದರೆ 'ಉತ್ತಮ'. ಮಲ ಬೆರೆತ ನೀರಿಗೆ 'ಉತ್ತಮ' ಎಂದು ಬರೆಯುವುದು ಹೇಗೆ? ಮಕ್ಕಳು ಇಳಿದು ಆಡುವ ನೀರು ಅದು. ಅದೇ ಲೆಕ್ಕವನ್ನು ಕೂಡಿಸುವ ಬದಲು ಗುಣಿಸುವ ಸೂತ್ರದಲ್ಲಿ (ಪ್ರತಿ ಅಂಕವನ್ನು ಅದರ ತೂಕದ ಘಾತಕ್ಕೆ ಏರಿಸಿ, ಎಲ್ಲವನ್ನೂ ಗುಣಿಸುವುದು) ಮಾಡಿದರೆ 63 ಬರುತ್ತದೆ, ಅಂದರೆ 'ಮಧ್ಯಮ'. ಅದೂ ಸಾಲದು, ಆದರೂ ಸತ್ಯಕ್ಕೆ ಹತ್ತಿರ. ಎರಡನೇ ವರ್ಷದಿಂದ ನಾನು ಗುಣಿಸುವ ಸೂತ್ರವನ್ನೇ ಹಿಡಿದಿದ್ದೇನೆ. ಅಂಕದ ಕೆಳಗೆ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಆ ತಿಂಗಳು ಎಲ್ಲಕ್ಕಿಂತ ಕಡಿಮೆ ಬಂದದ್ದು ಯಾವುದು ಅಂತಲೂ ಬರೆಯುತ್ತೇನೆ.

ನೀರು ತೆಗೆಯುವ ಹೊತ್ತೂ ಮುಖ್ಯ. ಪಾಚಿ ಜಾಸ್ತಿ ಇರುವ ಕಡೆ ಬಿಸಿಲಿಗೆ ಪಾಚಿಯೇ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಎಳೆದುಕೊಳ್ಳುತ್ತದೆ. ಮಧ್ಯಾಹ್ನದ ಬಾಟಲಿಗೆ ಒಳ್ಳೆಯ ಅಂಕ, ನಸುಕಿನ ಬಾಟಲಿಗೆ ಕೆಟ್ಟ ಅಂಕ. ಹೊಳೆ ಒಂದೇ ಅಲ್ವಾ? ಹಾಗಾಗಿ ನಾನು ಯಾವಾಗಲೂ ಬೆಳಿಗ್ಗೆ ಏಳಕ್ಕೇ ತೆಗೆಯುತ್ತೇನೆ.

ಸೀಸ, ಆರ್ಸೆನಿಕ್, ಕೀಟನಾಶಕ ಈ ಒಂಬತ್ತರಲ್ಲಿ ಇಲ್ಲವೇ ಇಲ್ಲ. 95 ಬಂದರೂ "ಕುಡಿಯಬಹುದು" ಎಂದು ದಯವಿಟ್ಟು ಹೇಳಬೇಡಿ.

ನನ್ನ ಕಡೆಯಿಂದ 5ಕ್ಕೆ ಮೂರೂವರೆ. ಹೊಸದಾಗಿ ಶುರು ಮಾಡುವವರು ಅಂಕ ಸಿಕ್ಕಿತು ಅಂತ ಮೂಲ ಅಳತೆಗಳನ್ನು ಎಸೆಯಬೇಡಿ. ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಒಂಬತ್ತೂ ಅಳತೆ ಇದ್ದವು. ಅದರಿಂದಲೇ ಸೂತ್ರ ಬದಲಿಸಿದಾಗ ಮೊದಲ ವರ್ಷದ ಹನ್ನೆರಡೂ ತಿಂಗಳ ಅಂಕವನ್ನು ಮತ್ತೆ ಲೆಕ್ಕ ಹಾಕಲು ಆಯಿತು.