ಅಡಿಗಲ್ಲಿಗೆ ಸರಪಳಿ ಸುತ್ತಿದ್ದರೆ ಮೊದಲು ಅದನ್ನು ಬಿಚ್ಚಿಸಿ

ಮೊದಲೇ ಹೇಳಿಬಿಡುತ್ತೇನೆ. ಅಂಕೋಲಾ ಕಡೆ ಒಬ್ಬರು "ಹಳೇ ವರ್ಕ್‌ಶಾಪಿನ ಅಸಲಿ ಸ್ಟೀಲ್ ಅಡಿಗಲ್ಲು, 60 ಕೆಜಿ" ಅಂತ ಮಾರುತ್ತಿದ್ದಾರೆ. ಅಡಿಗಲ್ಲು ಅಂದರೆ ಕಮ್ಮಾರರು ಕಾದ ಕಬ್ಬಿಣ ಇಟ್ಟು ಬಡಿಯುತ್ತಾರಲ್ಲ, ಆ ಗಟ್ಟಿ, ಇಂಗ್ಲಿಷಿನ ಆನ್ವಿಲ್. ನೀಲಿ ಬಣ್ಣ, ಕೆಳಗೆ ಹಲಸಿನ ಮರದ ದಿಮ್ಮಿ, ನಡುವಿಗೆ ಸುತ್ತಿದ ಸರಪಳಿ. ಅದು ಸ್ಟೀಲ್ ಅಲ್ಲ. 60 ಕೆಜಿಯೂ ಅಲ್ಲ. 16,500 ರೂಪಾಯಿ ಕೊಟ್ಟು ಶಿರಸಿಗೆ ತಂದವನು ನಾನೇ, ಅದಕ್ಕೇ ಗೊತ್ತು.

ಇದನ್ನು ಬರೆಯಲು ಒಂದು ತಿಂಗಳು ತಡ ಮಾಡಿದೆ. ನಾಚಿಕೆಯಾಗಿತ್ತು. ಯಾಕೆಂದರೆ ಅಡಿಗಲ್ಲು ಕೊಳ್ಳುವಾಗ ಮೇಲಿಂದ ಬೇರಿಂಗ್ ಗುಂಡು ಬಿಟ್ಟು ಎಷ್ಟು ಪುಟಿಯುತ್ತದೆ ನೋಡಿ, ಗುಂಡು ಹಾಕಿ ನೋಡಿ ಅಂತ ನನ್ನ ಹಾಗೆ ಹವ್ಯಾಸಕ್ಕೆ ಕಬ್ಬಿಣ ಬಡಿಯುವ ನಿಮಗೆಲ್ಲ ಸಾರಿ ಸಾರಿ ಹೇಳುತ್ತಿದ್ದವನು ನಾನೇ ಅಲ್ವಾ? ಅವತ್ತು ಆ ಗುಂಡು ನನ್ನ ಪ್ಯಾಂಟಿನ ಕಿಸೆಯಲ್ಲೇ ಇತ್ತು. ಮನೆಯಿಂದ ನೆನಪಿಟ್ಟು ಒಯ್ದಿದ್ದೆ. ತೆಗೆಯಲೇ ಇಲ್ಲ.

ಯಾಕೆ ತೆಗೆಯಲಿಲ್ಲ ಅಂತ ಹೇಳಬೇಕು, ಇಲ್ಲದಿದ್ದರೆ ನಿಮಗೆ ಅರ್ಥವಾಗುವುದಿಲ್ಲ.

ನಾನು ಅಡಿಗಲ್ಲು ಹುಡುಕುತ್ತಿರುವುದು ಈ ಮನುಷ್ಯನಿಗೆ ಯಾರಿಂದಲೋ ಗೊತ್ತಾಗಿ ಅವರೇ ಫೋನ್ ಮಾಡಿದರು. ಮೊದಲ ಸಲ ಮಾತಾಡಿದಾಗ ಮಾರಾಟದ ಮಾತೇ ಇಲ್ಲ. "ನೀವು ಯಾವ ಉಕ್ಕು ಬಡೀತೀರಿ?" ಅಂತ ಕೇಳಿದರು. ಲಾರಿಯ ಪಾಟಾ (ಸ್ಪ್ರಿಂಗಿನ ಪಟ್ಟಿ), ಇಎನ್-45 ಅನ್ನುವ ಉಕ್ಕು ಅಂದೆ. ನನ್ನ ಚಾಕುಗಳು ಎಣ್ಣೆಗೆ ಅದ್ದಿದ ಕೂಡಲೇ ಬಾಳೆಕಾಯಿ ಹಾಗೆ ಸೊಟ್ಟ ಆಗುತ್ತಿದ್ದವು, ಅದನ್ನೂ ಹೇಳಿಕೊಂಡೆ. ಅವರು ನಕ್ಕು, "ಅದ್ದುವ ಮುಂಚೆ ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲೇ ಆರಲು ಬಿಡಿ, ಬಡಿದ ಸೆಳೆತ ಬಿಡ್ತದೆ. ಆಮೇಲೆ ಅಯಸ್ಕಾಂತ ಅಂಟದಷ್ಟು ಕಾಯಿಸಿ, ಒಂದು ಗಳಿಗೆ ಜಾಸ್ತಿ ಹಿಡಿದು, ಬೆಚ್ಚಗಿನ ಎಣ್ಣೆಗೆ ನೇರ ಇಳಿಸಿ, ಅಡ್ಡ ಅಲ್ಲಾಡಿಸಬೇಡಿ" ಅಂದರು. ಮಾಡಿ ನೋಡಿದೆ. ಚಾಕು ಗೆರೆ ಎಳೆದ ಹಾಗೆ ನೆಟ್ಟಗೆ ಬಂತು! ಮೂರು ವರ್ಷದಿಂದ ಸುಮ್ನೆ ಹಾಳು ಮಾಡಿಕೊಂಡ ಪಾಟಾಗಳ ಲೆಕ್ಕ ಕಣ್ಣಮುಂದೆ ಬಂತು.

ಹೀಗೆ ಒಂದು ವಾರ. ದಿನಾ ಸಂಜೆ ಫೋನು. ಇಕ್ಕಳದ ಬಾಯಿ ಹೇಗೆ ಮಾಡುವುದು, ಗ್ಯಾಲ್ವನೈಸ್ ಪೈಪ್ ಕುಲುಮೆಗೆ ಯಾಕೆ ಹಾಕಬಾರದು (ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ), ಎಲ್ಲ ಹೇಳಿಕೊಟ್ಟರು. ಒಂದು ಪೈಸೆ ಕೇಳಲಿಲ್ಲ. ಎಲ್ಲ ಸರಿಯಾದ ಮಾತೇ. ಇವತ್ತಿಗೂ ನಾನು ಅವರು ಹೇಳಿದ ಹಾಗೇ ಹದ ಹಾಕುವುದು. ಹೊಟ್ಟೆ ಉರಿಯುವುದೇ ಅದಕ್ಕೆ. ಇಷ್ಟು ಧಾರಾಳವಾಗಿ ವಿದ್ಯೆ ಕೊಡುವವರು ಕಬ್ಬಿಣದಲ್ಲಿ ಮೋಸ ಮಾಡುತ್ತಾರೆ ಅಂತ ಯಾರು ಅಂದುಕೊಳ್ಳುತ್ತಾರೆ?

ಎಂಟನೇ ದಿನ ಅಡಿಗಲ್ಲಿನ ಫೋಟೋ ಬಂತು. "ನಿಮಗೆ ಅಂತಲೇ ಇಟ್ಟಿದ್ದೇನೆ, ಬೇರೆಯವರು ಕೇಳ್ತಿದ್ದಾರೆ." 18,000 ಹೇಳಿ 16,500ಕ್ಕೆ ಇಳಿದರು. 4,000 ಮುಂಗಡ ಫೋನಿನಲ್ಲೇ ಹಾಕಿದೆ. ಹೌದು, ನೋಡದೇ ಹಾಕಿದೆ. ಬೈಯಬೇಡಿ, ಮನೆಯಲ್ಲಿ ಸಾಕಷ್ಟು ಬೈಸಿಕೊಂಡಿದ್ದೇನೆ.

ಜುಲೈ ಮಳೆಯಲ್ಲಿ ಗೆಳೆಯನ ಓಮ್ನಿ ತೆಗೆದುಕೊಂಡು ದೇವಿಮನೆ ಘಟ್ಟ ಇಳಿದು ಕುಮಟಾ ಮೇಲೆ ಹೋದೆ. ಅವರ ಶೆಡ್ಡಿಗೆ ತಗಡಿನ ಮಾಡು. ಮಳೆ ಬಿದ್ದ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಚಹಾ ಬಂತು, ಅವಲಕ್ಕಿ ಬಂತು. ಅಡಿಗಲ್ಲು ದಿಮ್ಮಿಯ ಮೇಲೆ ಕೂತಿತ್ತು, ಹೊಸ ನೀಲಿ ಬಣ್ಣ ಹೊಡೆದುಕೊಂಡು, ನಡುವಿಗೆ ದಪ್ಪ ಸರಪಳಿ ಬಿಗಿದುಕೊಂಡು. ಸುತ್ತಿಗೆಯಲ್ಲಿ ಒಂದು ಪೆಟ್ಟು ಹಾಕಿದೆ. ಧಪ್ ಅಂತು. ಒಳ್ಳೆ ಉಕ್ಕಿನ ಹಾಗೆ ಟಣ್ ಅನ್ನಲಿಲ್ಲ.

ನಾನು ತಲೆ ಎತ್ತಿ ನೋಡಿದೆ. ಅವರು ಕೇಳುವ ಮುಂಚೆಯೇ ಹೇಳಿದರು: "ಸರಪಳಿ ಇದೆ ಅಲ್ವಾ, ಅಕ್ಕಪಕ್ಕದ ಮನೆಯವರಿಗೆ ಕಿರಿಕಿರಿ ಅಂತ. ನಿಮಗೆ ಗೊತ್ತಿರ್ತದೆ."

ನಿಮಗೆ ಗೊತ್ತಿರ್ತದೆ! ಆ ಒಂದು ಮಾತಿಗೆ ನಾನು ಬಿದ್ದೆ. ಗೊತ್ತಿತ್ತು ನೋಡಿ. ಅಡಿಗಲ್ಲಿನ ಕಿವಿ ಕಿವುಡಾಗುವ ಸದ್ದು ತಗ್ಗಿಸಲು ಸರಪಳಿ ಸುತ್ತುತ್ತಾರೆ, ಹಿಂಭಾಗಕ್ಕೆ ಅಯಸ್ಕಾಂತ ಅಂಟಿಸುತ್ತಾರೆ. ನಾನೂ ಓದಿದ್ದೆ. ಬಲ್ಲವನ ಹಾಗೆ "ಹೌದೌದು" ಅಂದೆ. ಇಷ್ಟು ದಿನ ಕಲಿಸಿದವರ ಎದುರಿಗೆ ಕಿಸೆಯಿಂದ ಗುಂಡು ತೆಗೆದು ಪರೀಕ್ಷೆ ಮಾಡುವುದು ಅವರನ್ನು ಕಳ್ಳ ಅಂದ ಹಾಗೆ ಅಲ್ವಾ ಅಂತ ಅನಿಸಿತು. ಉಳಿದ 12,500 ಎಣಿಸಿ ಕೊಟ್ಟೆ. "ಮಳೆ ಜಾಸ್ತಿ ಆಗೋ ಮುಂಚೆ ಘಟ್ಟ ಹತ್ತಿಬಿಡಿ" ಅಂತ ಅವರೇ ಅವಸರ ಮಾಡಿ ಕಳಿಸಿದರು. ಎಷ್ಟು ಕಾಳಜಿ!

ಮರುದಿನ ಸರಪಳಿ ಬಿಚ್ಚಿದೆ. ಪೆಟ್ಟು ಹಾಕಿದೆ. ಧಪ್. ಜಾಗ ಬದಲಿಸಿ ಹಾಕಿದೆ. ಧಪ್. ಕೈ ನಡುಗುತ್ತಾ ಗುಂಡು ತೆಗೆದೆ. ಒಂದಿಂಚಿನ ಗುಂಡು, ಹತ್ತು ಇಂಚು ಮೇಲಿಂದ ಬಿಟ್ಟರೆ ಒಳ್ಳೆ ಉಕ್ಕಿನ ಮೇಲೆ ಏಳು ಎಂಟು ಇಂಚಾದರೂ ಪುಟಿಯಬೇಕು. ಇದು ಮೂರಿಂಚು ಎದ್ದು, ಸುಸ್ತಾದ ಕಪ್ಪೆ ಹಾಗೆ ಪಕ್ಕಕ್ಕೆ ಉರುಳಿ ಹೋಯಿತು. ಹತ್ತು ಸಲ ಬಿಟ್ಟೆ. ಹನ್ನೊಂದನೇ ಸಲವಾದರೂ ಏಳಬಹುದು ಅಂತ ಮತ್ತೆ ಬಿಟ್ಟೆ.

ಆದರೂ ಮನಸ್ಸು ಒಪ್ಪಲಿಲ್ಲ. ಪಾಟಾ ಕಾಯಿಸಿ ಬಡಿಯತೊಡಗಿದೆ. ಕಾದ ತುಂಡು ಅಂಚಿಗೆ ತಾಗಿದ ಕಡೆ ನೀಲಿ ಬಣ್ಣ ಗುಳ್ಳೆ ಎದ್ದಿತು. ಗುಳ್ಳೆ ಒಡೆದರೆ ಕೆಳಗೆ ಬೂದು ಬಣ್ಣದ ಪೇಸ್ಟು, ಗ್ಯಾರೇಜಿನ ವಾಸನೆ. ಕಾರಿನ ನೆಗ್ಗಿಗೆ ಹಚ್ಚುತ್ತಾರಲ್ಲ, ಅದೇ ಪುಟ್ಟಿ! ಉಗುರಿನಿಂದ ಕೆರೆದರೆ ಬಂತು. ಒಳಗೆ ಹೆಬ್ಬೆರಳು ಹೋಗುವಷ್ಟು ಹಳ್ಳ. ಇನ್ನೆರಡು ಪೆಟ್ಟಿಗೆ ಪಕ್ಕದ ಅಂಚು ಬೆಲ್ಲದ ತುಂಡಿನ ಹಾಗೆ ಮುರಿದು ಕಾಲ ಬುಡಕ್ಕೆ ಬಿತ್ತು. ಮುರಿದ ಜಾಗ ಬೂದು ಬಣ್ಣ, ಸಕ್ಕರೆ ಹರಳು ಹರಳು. ಗ್ರೈಂಡರ್ ಹಿಡಿದೆ. ಉಕ್ಕಾದರೆ ಉದ್ದಕ್ಕೆ ಹಳದಿ ಕಿಡಿ ಹಾರಿ ನಕ್ಷತ್ರದ ಹಾಗೆ ಒಡೆಯಬೇಕು. ಇಲ್ಲಿ ಗಿಡ್ಡ, ಮಂಕು ಕೆಂಪು ಕಿಡಿ.

ಊರಿನ ಆಚಾರಿ ಅಜ್ಜನ ಹತ್ತಿರ ಮುರಿದ ಚೂರು ಒಯ್ದೆ. ಅಂಗೈಯಲ್ಲಿ ಒಮ್ಮೆ ತಿರುಗಿಸಿ, "ಬೀಡು ತಮ್ಮಾ" ಅಂದರು. ಎರಡೇ ಶಬ್ದ. ಬೀಡು ಅಂದರೆ ಎರಕದ ಕಬ್ಬಿಣ, ಉಕ್ಕಲ್ಲ. ತಲೆಮಾರುಗಳಿಂದ ಮೆಟ್ಟುಗತ್ತಿ, ಸೊಪ್ಪುಗತ್ತಿ ಮಾಡಿದ ಮನೆ ಅದು. ನನ್ನ ಮನೆಯಿಂದ ಹತ್ತು ನಿಮಿಷದ ದಾರಿ. ಕೊಳ್ಳುವ ಮುಂಚೆ ಅವರನ್ನೇ ಕರೆದುಕೊಂಡು ಹೋಗಬಹುದಿತ್ತು. ಹವ್ಯಾಸಕ್ಕೆ ಬಡಿಯುವವನು ಅಂತ ನಗುತ್ತಾರೆ ಅನ್ನುವ ಅಂಜಿಕೆಗೆ ಆ ಕಡೆ ಕಾಲೇ ಹಾಕಿರಲಿಲ್ಲ. ಅಡಕೆ ತೂಗುವ ಕಾಟಾದಲ್ಲಿ ಇಟ್ಟರೆ 47 ಕೆಜಿ. ಅದೂ ಪುಟ್ಟಿ ಸೇರಿ.

ಇನ್ನು ಅವರ ಉತ್ತರಗಳು. ಒಂದೊಂದೂ ಕೇಳಿ.

ಫೋಟೋ ಕಳಿಸಿದೆ. "ತಣ್ಣಗಿನ ಕಬ್ಬಿಣ ಬಡಿದಿರಬೇಕು ನೀವು." ಗುಂಡಿನ ವಿಡಿಯೋ ಕಳಿಸಿದೆ. "ನಿಮ್ಮ ನೆಲ ಮೆದು ಇದೆ, ಅದಕ್ಕೇ ಏಳ್ತಿಲ್ಲ." ಕಾಂಕ್ರೀಟಿನ ಮೇಲೆ ಇಟ್ಟು ಮತ್ತೆ ಕಳಿಸಿದೆ. "ಎರಕ ಅಂದ್ರೆ ಕೆಟ್ಟದ್ದು ಅಂತ ಯಾರು ಹೇಳಿದ್ರು? ಈಗ ದೊಡ್ಡ ಕಂಪನಿಗಳೂ ಅಡಿಗಲ್ಲು ಎರಕ ಹೊಯ್ತಾವೆ." ಹೊಯ್ಯುತ್ತಾರೆ ಮಾರಾಯ್ರೆ, ಉಕ್ಕನ್ನು ಹೊಯ್ಯುತ್ತಾರೆ, ಬೀಡನ್ನಲ್ಲ! ಅರ್ಧ ಸತ್ಯ ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ತೂಕ ಕೇಳಿದರೆ "ದಿಮ್ಮಿ ಸೇರಿಸಿ ಹೇಳಿದ್ದು" ಅಂದರು. ದಿಮ್ಮಿ ಅವರ ಶೆಡ್ಡಿನಲ್ಲೇ ಉಳಿದಿದೆ, ನನಗೆ ಕೊಟ್ಟೇ ಇಲ್ಲ. ಪುಟ್ಟಿ ಬಗ್ಗೆ ಮೂರು ಸಲ ಕೇಳಿದೆ, ಮೂರು ಸಲವೂ ಉತ್ತರ ಇಲ್ಲ.

ಕೊನೆಗೆ ಹಣ ವಾಪಸ್ ಅಂದಾಗ ದನಿ ಬದಲಾಯಿತು. "ನಿಮಗೆ ಎಷ್ಟು ಕಲಿಸಿದ್ದೇನೆ, ಅದಕ್ಕೆ ಫೀಸು ಕೇಳಿದ್ನಾ?" ಅಂದರು. ಈ ಮಾತಿಗೆ ನನಗೆ ನಿಜಕ್ಕೂ ಬಾಯಿ ಕಟ್ಟಿತು. ಅಂದರೆ ಅದೆಲ್ಲ ಲೆಕ್ಕದಲ್ಲಿತ್ತು! ಆಮೇಲೆ ಸಮಾಧಾನಕ್ಕೆ ಅಂತ, "ಒಂದು ರೈಲು ಪಟ್ಟಿ ತುಂಡು ಕೊಡ್ತೇನೆ, ಅದು ಒಳ್ಳೆ ಉಕ್ಕು, ಯಾರಿಗೂ ಹೇಳಬೇಡಿ" ಅಂದರು. ಯಾರಿಗೂ ಹೇಳಬೇಡಿ ಅನ್ನುವ ಪಟ್ಟಿ ಎಲ್ಲಿಂದ ಬಂದಿರುತ್ತದೆ ಅಂತ ನಿಮಗೇ ಗೊತ್ತು. ರೈಲ್ವೆ ಸ್ವತ್ತು ಅಕ್ರಮವಾಗಿ ಇಟ್ಟುಕೊಂಡರೆ 1966ರ ಕಾಯ್ದೆಯಲ್ಲಿ 5 ವರ್ಷದ ತನಕ ಜೈಲು. ಬಿಲ್ ಇರುವ ಹರಾಜಿನ ಪಟ್ಟಿ ಆದರೆ ಮಾತು ಬೇರೆ. ಬಿಲ್ ಕೇಳಿದೆ. ಕೈಮುಗಿದ ಚಿತ್ರ ಒಂದು ಬಂತು. ಆಮೇಲೆ ನನ್ನ ನಂಬರ್ ಬ್ಲಾಕ್.

ಹೆಚ್ಚೇನೂ ಉಪದೇಶ ಮಾಡುವ ಮುಖ ನನಗಿಲ್ಲ. ಸರಪಳಿ ಬಿಚ್ಚಿಸಿ, ಗುಂಡು ಬಿಡಿ, ಅರದಿಂದ ಮುಖ ತಿಕ್ಕಿ ನೋಡಿ. ಹದ ಇದ್ದರೆ ಅರ ಜಾರುತ್ತದೆ, ಇಲ್ಲದಿದ್ದರೆ ಕಚ್ಚುತ್ತದೆ. ಹೊಸ ಬಣ್ಣ ಕಂಡರೆ ಉಗುರು ಹಾಕಿ. ಎದುರಿನವರಿಗೆ ಬೇಜಾರಾದರೆ ಆಗಲಿ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಮಾತ್ರ ಅಡಿಗಲ್ಲು ಕೊಳ್ಳಬೇಡಿ, ನನ್ನಾಣೆ.

ನಂದು ಸದ್ಯ ಕಟ್ಟಿಗೆ ರಾಶಿಯ ತಾಡಪತ್ರಿ ಹಾರದ ಹಾಗೆ ಭಾರಕ್ಕೆ ಕೂತಿದೆ. ಕೆಲಸ ಪರವಾಗಿಲ್ಲ, ಗಾಳಿಗೆ ಅಲ್ಲಾಡಿಲ್ಲ. ಇವತ್ತು ಬೆಳಿಗ್ಗೆ ಕಾರವಾರದ ಗೆಳೆಯನೊಬ್ಬ "ಇದು ಹೇಗಿದೆ, ತಗೊಳ್ಳಲಾ?" ಅಂತ ಒಂದು ಫೋಟೋ ಕಳಿಸಿದ. ಅದೇ ಹಲಸಿನ ದಿಮ್ಮಿ, ಅದೇ ಸರಪಳಿ. ಈ ಸಲ ಬಣ್ಣ ಹಸಿರು.